ಕೂತು ಮಾಡುವ ಕೆಲಸಕ್ಕೂ ಮುಯ್ಯಿ

ಕೆಲಸ ಹೋಯಿತೆಂದು ನಾನು ಅತ್ತಿದ್ದು ಒಂದೇ ದಿನ. ಆಮೇಲೆ ಐದು ತಿಂಗಳು ಬರೀ ಸಿಟ್ಟು. ಬೆಳಿಗ್ಗೆ ಎದ್ದರೆ ಸಿಟ್ಟು, ಹಾಲು ಕಾಯಲು ಇಟ್ಟರೆ ಸಿಟ್ಟು, ಯಾರಾದರೂ ಬಾಗಿಲಲ್ಲಿ ನಿಂತು "ಏನಮ್ಮಿ, ಸುಮ್ಕ ಮನೇಲಿದ್ದೀಯಾ?" ಅಂದರೆ ಕಿವಿಯ ತುದಿಯವರೆಗೂ ಉರಿ. ಸುಮ್ಮನೆ! ಹನ್ನೆರಡು ವರ್ಷ ಸಾಫ್ಟ್‌ವೇರ್ ಬರೆದವಳು, ಮೂವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜು ಹುಡುಗಿಯ ಹಾಗೆ ನೋಟುಬುಕ್ಕು ಹಿಡಿದು ಅ ಆ ಇ ಈಯಿಂದ ಶುರು ಮಾಡಿದ್ದೇನೆ, ತಲೆ ಕಾದು ಹೋಗಿದೆ, ಅದಕ್ಕೆ ಈ ಜನ ಕೊಟ್ಟ ಹೆಸರು ಸುಮ್ಮನಿರುವುದು.

ನಾನಿರುವುದು ಹಂಗಳದಲ್ಲಿ, ಗಂಡನ ಮನೆಯಲ್ಲಿ. ಗಂಡ ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಮೇಷ್ಟ್ರು. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಎರಡು ಎಕರೆ ಹೊಲವನ್ನೂ ಮನೆಯನ್ನೂ ಆಳುವವರು ಅತ್ತೆ. ನನ್ನ ಕಂಪನಿ ಮೈಸೂರಿನದು. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿ ಅಂದವರು ಆಮೇಲೆ ವಾಪಸ್ಸು ಕರೆಯಲೇ ಇಲ್ಲ, ಹಾಗಾಗಿ ತಾರಸಿಯ ಮೇಲಿನ ಕೋಣೆಯೇ ನನ್ನ ಆಫೀಸು. ಒಂದು ಬೆಳಿಗ್ಗೆ ಎಂಟು ನಿಮಿಷದ ವಿಡಿಯೊ ಕರೆಯಲ್ಲಿ ನಮ್ಮ ತಂಡವನ್ನು ಪೂರ್ತಿ ತೆಗೆದುಹಾಕಿದರು. ಕರೆ ಮುಗಿಯುವ ಮೊದಲೇ ನನ್ನ ಲಾಗಿನ್ ಮುಚ್ಚಿತ್ತು. ಹಿಂದಿನ ದಿನ ಅರ್ಧ ಬರೆದಿಟ್ಟಿದ್ದ ಕೋಡನ್ನು ಮುಗಿಸಿಕೊಡುತ್ತೇನೆ ಅಂತ ಹೇಳಲೂ ಬಿಡಲಿಲ್ಲ, ಮುಂಡೇವು.

ಅಲ್ಲಿಯತನಕ ಎಲ್ಲರ ಬಾಯಲ್ಲೂ ಆ ಕೋಣೆ 'ಆಪೀಸ್ ರೂಮು'. ನಾನು ಒಳಗಿದ್ದರೆ ಮೆಟ್ಟಿಲ ಮೇಲೆ ಯಾರೂ ಜೋರಾಗಿ ಕೆಮ್ಮುತ್ತಿರಲಿಲ್ಲ. ಕೆಲಸ ಹೋದ ಮೂರನೆಯ ವಾರಕ್ಕೆ ಅದು 'ಮ್ಯಾಲ್ನ ರೂಮು' ಆಯಿತು. ನಾಲ್ಕನೆಯ ವಾರಕ್ಕೆ ಅತ್ತೆ ನಾಲ್ಕು ಬಿದಿರು ಗಳ ಹೊರಿಸಿಕೊಂಡು ಮೇಲೆ ಬಂದರು. ಬಿತ್ತನೆಗೆ ಇಟ್ಟ ಸಣ್ಣೀರುಳ್ಳಿಯನ್ನು ಗೊಂಚಲು ಕಟ್ಟಿ ಗಾಳಿಯಾಡುವ ಕಡೆ ತೂಗುಹಾಕಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಪ್ರತಿ ವರ್ಷ ಅದು ಹಿತ್ತಲ ಚಪ್ಪರದಲ್ಲಿ ತೂಗುತ್ತಿತ್ತು.

"ಇಲ್ಲಿ ಚೆಂದಾಗಿ ಗಾಳಿ ಆಡ್ತದ, ಪ್ಯಾನೂ ಅದ. ನಿಂಗೇನು, ಕೂತ್ಕಳಕ್ಕ ಒಂದು ಮೂಲೆ ಸಾಕಲ್ಲ" ಅಂದರು.

ನನ್ನ ತಲೆಯ ಮೇಲೆ ಈರುಳ್ಳಿ ತೂಗಿತು. ಫ್ಯಾನು ಹಾಕಿದರೆ ಸಿಪ್ಪೆ ಹಾರಿ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ನಾನೂ ಆ ದಿನ ಬಾಯಿ ಮುಚ್ಚಿಕೊಂಡೆ, ಸಂಬಳ ತರದವಳಿಗೆ ಬಾಯಿ ಎಲ್ಲಿಂದ ಬರಬೇಕು ಅಂತ. ಹಾಗೆ ಅಂದುಕೊಂಡಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅಭ್ಯಾಸ ಅಂತ ನಿಯಮ ಮಾಡಿಕೊಂಡಿದ್ದೆ. ಒಂದು ಕಂಪನಿಯಲ್ಲಿ ಹನ್ನೆರಡು ವರ್ಷ ಇದ್ದರೆ ಆ ಕಂಪನಿಯ ಕೆಲಸ ನಿದ್ದೆಯಲ್ಲೂ ಬರುತ್ತದೆ, ಹೊರಗಿನದು ಮರೆತಿರುತ್ತದೆ. ಹೊಸ ಕೆಲಸಕ್ಕೆ ಪರೀಕ್ಷೆ ಮಾಡುವವರು ಕೇಳುವುದು ಹೊರಗಿನದನ್ನೇ. ದಿನಕ್ಕೊಂದು ಸಮಸ್ಯೆ ತೆಗೆದುಕೊಂಡು ಮೊದಲು ಕಾಗದದ ಮೇಲೆ ಬಿಡಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಬರೆದು ಓಡಿಸುವುದು, ತಪ್ಪಾದರೆ ಅಳಿಸಿ ಮತ್ತೆ ಬರೆಯುವುದು. ಜೊತೆಗೆ ನನಗೆ ಗೊತ್ತಿಲ್ಲದ ಹೊಸ ಭಾಷೆಯೊಂದನ್ನು ಕಲಿಯುವುದು. ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಎರಡೇ ಕ್ಷಣದಲ್ಲಿ ಉತ್ತರ ಬರೆದುಕೊಡುತ್ತದೆ ನಿಜ. ಆದರೆ ಅದು ಬರೆದದ್ದರಲ್ಲಿ ತಪ್ಪೆಲ್ಲಿದೆ ಅಂತ ಹುಡುಕಲು ನನಗೇ ಬರಬೇಕಲ್ಲ. ಮಧ್ಯಾಹ್ನ ಒಂದರವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ಆಣೆ ಹಾಕಿಕೊಂಡಿದ್ದೆ.

"ಈಗೆಲ್ಲ ಮಿಷನ್ನೇ ಬರೀತದಂತಲ್ಲ ಕಣೇ, ಇನ್ನು ನೀನು ಕಲ್ತು ಏನ್ ಮಾಡ್ತೀಯ?" ಅಂದರು ಒಂದು ದಿನ ನನ್ನ ಗಂಡ, ಊಟದ ಮುಂದೆ ಕೂತು.

"ಉತ್ತರ ಬರೆದಿರೋ ಗೈಡು ಅಂಗಡೀಲಿ ಸಿಗುತ್ತಲ್ಲಾ ರೀ, ಇನ್ನು ಮೇಷ್ಟ್ರು ಯಾಕೆ ಬೇಕು?" ಅಂದೆ. ಅವರು ಎರಡು ದಿನ ಮಾತಾಡಲಿಲ್ಲ. ನನಗೂ ಎರಡು ದಿನ ನೆಮ್ಮದಿಯಾಗಿ ಅಭ್ಯಾಸ ಸಾಗಿತು.

ಬೀದಿಯವರಿಗೆ ಮಾತ್ರ ನಾನು ಮನೆಯಲ್ಲಿ ಸಿಗುವ ಕಂಪ್ಯೂಟರ್ ಸೆಂಟರ್ ಆಗಿಬಿಟ್ಟೆ. ಹತ್ತು ಗಂಟೆಗೆ ನಾನು ನೋಟುಬುಕ್ಕು ಬಿಚ್ಚಿದರೆ ಹತ್ತೂಕಾಲಿಗೆ ಕೆಳಗಿನಿಂದ ಅತ್ತೆಯ ಕೂಗು: "ಅಮ್ಮೀ, ಯಾರೋ ಬಂದವ್ರ ನೋಡು!" ಬಂದವರಿಗೆ, "ಅವ್ಳು ಸುಮ್ಕ ಕುಂತವ್ಳ, ಓಗಿ ಓಗಿ." ಪಹಣಿಗೆ ಆಧಾರ್ ಜೋಡಿಸಬೇಕು, ರೇಷನ್ ಕಾರ್ಡಿಗೆ ಮೊಮ್ಮಗಳ ಹೆಸರು ಸೇರಿಸಬೇಕು. ವೆಬ್‌ಸೈಟು ಅರ್ಧಕ್ಕೆ ನಿಂತರೆ ಕಂಪ್ಯೂಟರ್ ಕೆಟ್ಟಿದೆ ಅಂತ ನನ್ನನ್ನೇ ನೋಡುವರು. ಎದುರು ಮನೆಯ ಅಕ್ಕನ ಮಗಳು ಗುಂಡ್ಲುಪೇಟೆಯ ಕಾಲೇಜಿಗೆ ಹೋಗುತ್ತಾಳೆ. ಆ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯನ್ನು ನಾನು ಮೂರು ಸಲ ಹಾಕಿದೆ. ಶಾಲೆಯ ದಾಖಲೆಯಲ್ಲಿ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ಥರ. ಎಲ್ಲವನ್ನೂ ಒಂದು ದಾರಿಗೆ ತಂದು ಅರ್ಜಿ ಒಳಗೆ ಹೋಗುವ ಹೊತ್ತಿಗೆ ನನ್ನ ಮೂರು ಬೆಳಗು ಮಣ್ಣುಪಾಲು.

ಹೀಗೆ ಅರ್ಜಿ ತುಂಬುತ್ತಾ, ಸಿಪ್ಪೆ ಗುಡಿಸುತ್ತಾ, ಕಲಿಯುತ್ತಾ ಇದ್ದಾಗ ಒಂದು ಕಂಪನಿ ನನ್ನನ್ನು ನಾಲ್ಕು ಸುತ್ತಿನ ಇಂಟರ್ವ್ಯೂಗೆ ಕರೆಯಿತು. ಮನೆಯಿಂದಲೇ ಮಾಡುವ ಕೆಲಸ. ಮೊದಲನೆಯದು ಪರೀಕ್ಷೆ, ಪಾಸಾದೆ. ಎರಡನೆಯದು ಇಬ್ಬರು ಹುಡುಗರ ಜೊತೆ ಮಾತುಕತೆ, ಅದೂ ಆಯಿತು. ಮೂರನೆಯದಕ್ಕೆ ಒಂದು ಕೆಲಸ ಕೊಟ್ಟರು: ಔಷಧಿ ತುಂಬಿದ ಗಾಡಿಗಳು ಹತ್ತಾರು ಅಂಗಡಿಗಳಿಗೆ ಯಾವ ದಾರಿಯಲ್ಲಿ ಹೋದರೆ ಬೇಗ ತಲುಪುತ್ತವೆ ಅಂತ ಹೇಳುವ ಪ್ರೋಗ್ರಾಂ. ಎರಡು ದಿನದೊಳಗೆ ಪೂರ್ತಿ ಬರೆದು ಕಳಿಸಬೇಕು. ಅದನ್ನು ನೋಡಿ ಕೊನೆಯ ಸುತ್ತಿನಲ್ಲಿ ದೊಡ್ಡವರೊಬ್ಬರು ಮಾತಾಡುತ್ತಾರೆ, ಅಲ್ಲಿಗೆ ತೀರ್ಮಾನ.

ಅದೇ ಹೊತ್ತಿಗೆ ಗಾಳಿಗೆ ಮರ ಬಿದ್ದು ಕರೆಂಟು ಕಂಬ ಮುರಿದು ಹಂಗಳಕ್ಕೆಲ್ಲ ಕತ್ತಲೆ. ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ; ಗುಂಡ್ಲುಪೇಟೆಯಲ್ಲಿ ಇಳಿದು, ಚಾಮರಾಜನಗರದ ಬಸ್ಸು ಹಿಡಿದು, ಅಲ್ಲಿಂದ ಚಂದಕವಾಡಿಯ ತವರು ಮನೆಗೆ. ಆ ದಿನ ಅವ್ವ ಕಟ್ಟೆಯ ಮೇಲೆ ಚಾಪೆ ಹಾಕಿಕೊಟ್ಟು ಬಂದವರನ್ನೆಲ್ಲ ಬೀದಿಯಿಂದಲೇ ಸಾಗಹಾಕಿದಳು. ಎರಡನೆಯ ದಿನ ಅಲ್ಲಿಯೂ ನೆಟ್ವರ್ಕ್ ಸತ್ತಿತು. ಮತ್ತೆ ಬಸ್ಸು, ಚಾಮರಾಜನಗರದ ಒಂದು ಗ್ರಂಥಾಲಯ. ಓದುವ ಕೋಣೆಯ ತುಂಬಾ ಸರ್ಕಾರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಾನು ಒಂದು ಖಾಲಿ ಕುರ್ಚಿ ಹುಡುಕಿ ಕೂತು ಲ್ಯಾಪ್‌ಟಾಪು ಬಿಚ್ಚುತ್ತಿದ್ದೆ. ಅಲ್ಲಿನ ಸಿಬ್ಬಂದಿಯೊಬ್ಬರು ಬಂದು ಮೆಲ್ಲಗೆ, ಭಾರೀ ಮರ್ಯಾದೆಯಿಂದ, "ಅಮ್ಮಾ, ಪೇರೆಂಟ್ಸು ಆಚೆ ಬೆಂಚಿನ ಮೇಲೆ ಕೂತ್ಕೋಬೇಕು. ನಿಮ್ಮ ಮಗಳು ಯಾವ ಎಕ್ಸಾಮ್‌ಗೆ ಓದ್ತಿದಾಳೆ?" ಅಂದರು.

ಇಡೀ ಕೋಣೆ ತಲೆ ಎತ್ತಿತು. "ನನಗೆ ಮಗಳಿಲ್ಲ ಸ್ವಾಮಿ. ಓದ್ತಿರೋಳು ನಾನೇ!" ಅಂದೆ. ನನ್ನ ದನಿ ಗೋಡೆಗೆ ಹೊಡೆದು ವಾಪಸ್ಸು ಬಂತು. ಅವರು ಪಾಪ ಗಾಬರಿಯಾಗಿ ಹೋಗಿ ಫ್ಯಾನು ಹಾಕಿಕೊಟ್ಟರು. ಅವರ ತಪ್ಪಲ್ಲ ಅಂತ ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಆ ಸಿಟ್ಟಿನಲ್ಲೇ ಮಧ್ಯಾಹ್ನದ ಊಟವನ್ನೂ ಬಿಟ್ಟು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕೆಲಸ ಮುಗಿಸಿ ಕಳಿಸಿದೆ. ಚೆನ್ನಾಗಿ ಬರೆದಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ನಿಜಕ್ಕೂ ಚೆನ್ನಾಗಿತ್ತು. ಮುಂದಿನ ಬುಧವಾರ ಹತ್ತೂವರೆಗೆ ಕೊನೆಯ ಸುತ್ತು ಅಂತ ಉತ್ತರ ಬಂತು.

ಸೋಮವಾರ ಸಂಜೆ ಎದುರು ಮನೆಯ ಅಕ್ಕ ನಮ್ಮ ಜಗುಲಿಗೆ ಬಂದು ನಿಂತಳು. "ಬುದುವಾರ ನಮ್ಮ ಒಲದಲ್ಲಿ ಈರುಳ್ಳಿ ಕಳ ಕೀಳೋದದ. ಬೆಳಿಗ್ಗ ಏಳಕ್ಕೇ ಬಂದ್ಬುಡಿ ಕಣವ್ವ, ಇಬ್ರೂವ" ಅಂದಳು.

"ಇಬ್ಬರು ಅಂದರೆ?" ಅಂದೆ.

"ನೀನೂ ನಿಮ್ಮತ್ತೇನೂವ. ನಾನೂ ನನ್ ಮಗಳೂ ಬಂದಿರ್ಲಿಲ್ವಾ ನಿಮ್ಮ ಒಲಕ್ಕ?"

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನೀನು ನನ್ನ ಹೊಲದಲ್ಲಿ ಒಂದು ದಿನ ದುಡಿದರೆ ನಾಳೆ ನಾನು ನಿನ್ನ ಹೊಲದಲ್ಲಿ ಒಂದು ದಿನ ದುಡಿದು ಆ ಮುಯ್ಯಿ ತೀರಿಸಬೇಕು. ನಡುವೆ ದುಡ್ಡು ಬರಕೂಡದು. ಎಷ್ಟು ಜನ ಬಂದಿದ್ದರೋ ಅಷ್ಟೇ ಜನ ಹೋಗಬೇಕು, ತಪ್ಪಿಸುವ ಹಾಗಿಲ್ಲ. ತಪ್ಪಿಸಿದವರ ಹೊಲಕ್ಕೆ ಮುಂದಿನ ವರ್ಷ ಯಾರೂ ಕಾಲಿಡುವುದಿಲ್ಲ. ಪ್ರತಿ ವರ್ಷ ನಮ್ಮ ಹೊಲಕ್ಕೆ ಆರು ಜನ ಬರುತ್ತಿದ್ದರು, ಅತ್ತೆ ಒಬ್ಬರೇ ಆರೂ ಮನೆಗೆ ಹೋಗಿ ತೀರಿಸುತ್ತಿದ್ದರು. ಈ ವರ್ಷ ಹತ್ತು ಜನ ಬಂದಿದ್ದರು. ನನ್ನ ಕೋಣೆಯ ಈರುಳ್ಳಿ ಇಳಿಸಿ ಹೊಲಕ್ಕೆ ಹೋಗಿ, ನೆಟ್ಟು, ಕಳೆಯನ್ನೂ ಕಿತ್ತುಕೊಟ್ಟಿದ್ದರು. ಹತ್ತು ಜನಕ್ಕೂ ನಾನೇ ಮಜ್ಜಿಗೆ ಹಂಚಿದ್ದೆ. ಅದರಲ್ಲಿ ನಾಲ್ಕು ಆಳು ನನ್ನ ಮೈಮೇಲಿನ ಮುಯ್ಯಿ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ಅಕ್ಕ ಹೋದ ಮೇಲೆ ನಾನು ಅತ್ತೆಯ ಎದುರು ನಿಂತೆ.

"ನನ್ನ ಕೇಳದೆ ನನ್ನ ಹೆಸರಲ್ಲಿ ಹೇಗೆ ಆಳು ಕರೆದ್ರಿ ಅತ್ತೆ?"

"ಕೇಳೋದೇನು? ಮನೇಲಿ ಸುಮ್ಕ ಇದ್ದೀಯಲ್ಲ."

"ಬುಧವಾರ ನನಗೆ ಇಂಟರ್ವ್ಯೂ ಇದೆ. ಕೊನೇದು. ಅದು ಹೋದರೆ ಮತ್ತೆ ಎಲ್ಲಾ ಮೊದಲಿಂದ."

"ಅದ್ಯಾನ ಒಂದು ಗಂಟೆ ಮಾತಾಡೋದು ತಾನೇ? ಸಂಜ ಬಂದು ಮಾತಾಡು. ಅವ್ರೇನು ಓಡೋಯ್ತಾರಾ? ಮುಯ್ಯಿ ತಪ್ಪುಸ್ಬುಟ್ರ ನಾನು ಈ ಬೀದೀಲಿ ತಲೆ ಎತ್ಕಂಡು ತಿರುಗನಾ?"

ಗಂಡ ಅಷ್ಟು ಹೊತ್ತು ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದವರು ತಲೆ ಎತ್ತದೆ, "ಒಂದಿನ ಹೋಗಿ ಬಂದ್ಬುಡೇ. ಇಂಟರ್ವ್ಯೂನ ಗುರುವಾರಕ್ಕೆ ಹಾಕ್ಸು" ಅಂದರು.

"ನಿಮ್ಮ ಶಾಲೇನ ಗುರುವಾರಕ್ಕೆ ಹಾಕ್ಸಿ! ಬುಧವಾರ ನೀವೇ ಹೋಗಿ ಕಳೆ ಕೀಳಿ" ಅಂದೆ.

"ಏಯ್, ಗಂಡುಸ್ರು ಎಲ್ಲಾದ್ರೂ ಕಳ ಕೀಳಕ್ಕ ಓಗ್ತಾರಾ?" ಅಂದರು ಅತ್ತೆ. ಅವರಿಗೆ ಅದೊಂದು ಮಾತು ಮಾತ್ರ ಕೇಳಿಸಿತ್ತು. ಹನ್ನೆರಡು ವರ್ಷ ಸಂಬಳ ತಂದಿದ್ದೆ. ಈ ಮನೆಯ ತಾರಸಿ, ಆ ಕೋಣೆ, ಆ ಫ್ಯಾನು ಎಲ್ಲ ಅದರಿಂದಲೇ ಬಂದದ್ದು. ಅದನ್ನು ಬಾಯಿಬಿಟ್ಟು ಹೇಳಬಾರದು ಅಂತ ಹಲ್ಲು ಕಚ್ಚಿ ಮೇಲೆ ಹೋದೆ. ಅಭ್ಯಾಸದ ಪುಸ್ತಕ ಬಿಚ್ಚಿದರೆ ಅಕ್ಷರ ಕಾಣಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ತಪ್ಪು ಮಾಡಿದೆ. ಚಂದಕವಾಡಿಯಲ್ಲಿ ಹುಟ್ಟಿ, ಅವ್ವನ ಜೊತೆ ಮುಯ್ಯಾಳಿಗೆ ಹೋಗಿ ಬೆಳೆದವಳು ಮಾಡಬಾರದ ತಪ್ಪು. ಎದುರು ಮನೆಯ ಅಕ್ಕ ಅಂಗಳ ಗುಡಿಸುತ್ತಿದ್ದಳು. ಹೋಗಿ, "ಅಕ್ಕ, ನಾಳೆ ನನಗೆ ಬರಕ್ಕಾಗಲ್ಲ. ಒಂದು ಆಳಿನ ಕೂಲಿ ನಾನು ಕೊಡ್ತೀನಿ, ಯಾರನ್ನಾದರೂ ಕರ್ಕೊಂಡ್ಬುಡಿ" ಅಂದೆ.

ಪೊರಕೆ ನಿಂತಿತು. "ಏನಂದೆ?"

ಮಾತು ಬಾಯಿಂದ ಬಿದ್ದ ಮೇಲೇ ನನಗೂ ಗೊತ್ತಾಯಿತು, ಆದರೆ ಆಗಿಹೋಗಿತ್ತು.

"ಕೂಲಿಯಾ? ನಾನೂ ನನ್ ಮಗಳೂ ನಿಮ್ಮ ಒಲಕ್ಕ ಕೂಲಿಗ ಬಂದಿದ್ವಾ? ಕೂಲಿ ಆಳು ಅಂದ್ಕಂಡಾ ನೀನು ಮಜ್ಜಿಗ ಕೊಟ್ಟದ್ದು? ದುಡ್ಡು ಮಡಗಿವ್ನಿ ಅಂತ ತೋರುಸ್ತಿದ್ದೀಯಾ? ಕೆಲ್ಸ ಕಳ್ಕಂಡು ಮನೇಲಿ ಸುಮ್ಕ ಕುಂತಿರೋಳು ನೀನು!"

ಮನೆಮನೆಯ ಬಾಗಿಲಿಗೂ ಜನ ಬಂದರು. ಕ್ಷಮಿಸಿ ಅನ್ನಬೇಕಿತ್ತು, ನಾನು ಆಡಿದ್ದು ತಪ್ಪೇ. ಆದರೆ ಆ 'ಸುಮ್ಕ ಕುಂತಿರೋಳು' ಅನ್ನುವುದು ಬಿತ್ತಲ್ಲ, ಐದು ತಿಂಗಳಿಂದ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಸಿಟ್ಟು ನೆತ್ತಿಗೇರಿದರೆ ನನ್ನ ಇಂಗ್ಲಿಷು, ಮೈಸೂರು ಕನ್ನಡ ಎಲ್ಲಾ ಹೋಗಿ ಚಂದಕವಾಡಿಯೇ ಹೊರಗೆ ಬರುತ್ತದೆ.

"ಸುಮ್ಕ ಕುಂತಿದ್ನಾ? ನಿಮ್ಮ ಮಗಳ ಸ್ಕಾಲರ್‌ಶಿಪ್ ಅರ್ಜಿ ಯಾರು ಹಾಕ್ದೋರು? ಮೂರು ದಿನ ಕುಂತು ಹಾಕ್ದೋಳು ನಾನು. ನಿಮ್ಮ ಪಾಣಿಗ ಆದಾರ್ ಜೋಡ್ಸುದ್ದು ಯಾರು? ಈ ಬೀದೀಲಿ ಯಾವ ಮನೆ ಅರ್ಜಿ ನಾನು ಹಾಕಿಲ್ಲ, ಯೋಳಿ! ಅದ್ಕ ನಾನು ಒಂದು ಕಾಸು ಕೇಳುದ್ನಾ? ಅದು ಮುಯ್ಯಿ ಅಲ್ವಾ?"

"ಅದೂ ಒಂದು ಕೆಲ್ಸವಾ? ನೀನು ಕೂತ್ಕಂಡೇ ಮಾಡ್ದಲ್ಲ!"

"ಮತ್ತ ನೀವು ಕಳ ಕೀಳೋದು ನಿಂತ್ಕಂಡಾ? ಅದೂ ಕೂತ್ಕಂಡೇ ಅಲ್ವಾ ಅಕ್ಕಾ!"

ಬಿಂದಿಗೆ ಹಿಡಿದು ನಿಂತಿದ್ದ ಒಬ್ಬಾಕೆ ಕಿಸಕ್ಕನೆ ನಕ್ಕಳು. ಎದುರು ಮನೆಯ ಅಕ್ಕನ ಮುಖ ಕೆಂಪೇರಿತು. ಪೊರಕೆಯನ್ನು ಮೂಲೆಗೆ ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೆಗೆ ಬಂದರೆ ಅತ್ತೆ, "ಮಾನ ಕಳ್ದೆ ಕಣಮ್ಮಿ, ಬೀದೀಲಿ ನನ್ ಮಾನ ಕಳ್ದೆ" ಅಂದರು.

ಬುಧವಾರ ಬೆಳಿಗ್ಗೆ ಏಳಕ್ಕೆ ಹೆಂಗಸರೆಲ್ಲ ಕುಡುಗೋಲು, ಬುತ್ತಿ ಹಿಡಿದು ಎದುರು ಮನೆಯ ಮುಂದೆ ಸೇರಿದರು. ಅತ್ತೆ ತಲೆ ತಗ್ಗಿಸಿಕೊಂಡು ಒಬ್ಬರೇ ಹೊರಟು ನಿಂತಿದ್ದರು. ನಾನು ಬಾಗಿಲಲ್ಲಿದ್ದೆ. ಹೋಗುವುದಿಲ್ಲ ಅಂತ ಗಟ್ಟಿ ಮಾಡಿದ್ದೆ, ಆದರೂ ಅತ್ತೆಯ ಆ ತಗ್ಗಿದ ತಲೆ ನೋಡಿ ಸಂಕಟವಾಗುತ್ತಿತ್ತು. ಎದುರು ಮನೆಯ ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಈ ಮನೆಯಿಂದ ಇವತ್ತು ಒಂದಾಳು ಸಾಕು. ಇನ್ನೊಂದಾಳಿನ ಮುಯ್ಯಿ ತೀರೋಗದ. ಅರ್ಜಿ ಬರ್ದವಳ."

ಅತ್ತೆ ತಲೆ ಎತ್ತಿದರು. "ಅರ್ಜಿ ಬರೆಯೋದು ಮುಯ್ಯಿಗ ಬತ್ತದಾ?"

"ಬತ್ತದ, ಯಾಕ ಬರಲ್ಲ? ಅವ್ಳೂ ದಿನ ಕಳ್ದವ್ಳ ತಾನೇ" ಅಂದಳು. ನನ್ನ ಕಡೆ ಮಾತ್ರ ನೋಡಲಿಲ್ಲ. ಕೂಲಿ ಅಂದಿದ್ದರ ಉರಿ ಅವಳಿಗಿನ್ನೂ ಇತ್ತು, ಇರಬೇಕಾದದ್ದೇ. ಎಲ್ಲರೂ ಹೊಲದ ಕಡೆ ನಡೆದರು.

ಹತ್ತೂಕಾಲಿಗೆ ಕೋಣೆ ಗುಡಿಸಿ, ಒಳ್ಳೆಯ ಸೀರೆ ಉಟ್ಟು, ಖಾಲಿ ಬಿದಿರು ಗಳ ಕಾಣದ ಹಾಗೆ ಲ್ಯಾಪ್‌ಟಾಪು ತಿರುಗಿಸಿ ಕೂತೆ. ಹತ್ತೂವರೆ ಆಯಿತು. ಪರದೆಯ ಮೇಲೆ ನನ್ನ ಮುಖ ಒಂದೇ. ಹತ್ತೂಮುಕ್ಕಾಲಾಯಿತು, ಹನ್ನೊಂದಾಗುತ್ತಾ ಬಂತು. ಕೊನೆಗೆ ಆ ದೊಡ್ಡ ಮನುಷ್ಯ ಬಂದ. ತಡವಾಯಿತು ಅನ್ನಲಿಲ್ಲ, ಕ್ಯಾಮೆರಾನೂ ಹಾಕಲಿಲ್ಲ. ಎಲ್ಲೋ ಕಾರಿನಲ್ಲಿ ಹೋಗುತ್ತಿದ್ದ ಅಂತ ಕಾಣುತ್ತದೆ, ಹಾರನ್ನು ಕೇಳಿಸುತ್ತಿತ್ತು.

ಮೊದಲ ಪ್ರಶ್ನೆಯೇ ಇದು: "ಐದು ತಿಂಗಳಿಂದ ನೀವು ಏನೂ ಮಾಡಿಲ್ಲವಲ್ಲ, ಯಾಕೆ?"

ಇಂಗ್ಲಿಷಿನಲ್ಲಿ ಕೇಳಿದರೂ ಅದು ನಮ್ಮ ಬೀದಿಯ ಪ್ರಶ್ನೆಯೇ. ಸಿಟ್ಟನ್ನು ನುಂಗಿಕೊಂಡು ನಾನು ಕಲಿತದ್ದನ್ನು ಹೇಳಿದೆ. ಹ್ಞೂಂ ಹ್ಞೂಂ ಅಂದ. ನಾನು ಕಳಿಸಿದ ಪ್ರೋಗ್ರಾಂ ಬಗ್ಗೆ ಹೇಳಲು ಶುರುಮಾಡಿದೆ, ಗಾಡಿ ಒಂದು ಕೆಟ್ಟು ನಿಂತರೆ ಉಳಿದವು ದಾರಿ ಬದಲಿಸುವ ಹಾಗೆ ಬರೆದಿದ್ದೆ, ಅದು ಅವರು ಕೇಳಿರಲೇ ಇಲ್ಲ, ನಾನೇ ಯೋಚಿಸಿ ಸೇರಿಸಿದ್ದು.

"ಓ, ಅದಾ? ಅದನ್ನು ನೋಡಲು ನನಗೆ ಸಮಯವಾಗಲಿಲ್ಲ" ಅಂದ. ಆಮೇಲೆ ವಯಸ್ಸೆಷ್ಟು, ಮಕ್ಕಳಿಲ್ಲವಾ, ಮುಂದೆ ಆಗುವ ಯೋಚನೆ ಇದೆಯಾ, ಹಳ್ಳಿಯಲ್ಲಿ ಇಂಟರ್ನೆಟ್ ನಿಲ್ಲುತ್ತದಾ ಅಂತ ಕೇಳಿದ. ನಾನು ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಹೇಳಿದೆ. ಒಂಬತ್ತು ನಿಮಿಷಕ್ಕೆ ಮುಗಿಯಿತು.

ಎರಡು ದಿನ ನಾನು ಬಸ್ಸಿಂದ ಬಸ್ಸಿಗೆ ಬಿದ್ದು, ಉಪವಾಸ ಕೂತು ಬರೆದದ್ದನ್ನು ಅವನು ತೆರೆದೂ ನೋಡಿರಲಿಲ್ಲ. ಕೋಣೆಯಲ್ಲಿ ಕೂರಲಾಗಲಿಲ್ಲ. ಸೀರೆ ಕಿತ್ತೆಸೆದು ನೈಟಿಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಕುಡುಗೋಲು ಹಿಡಿದು ಹೊಲಕ್ಕೆ ಹೊರಟೆ. ಮುಯ್ಯಿ ತೀರಿತ್ತು, ಹೋಗಬೇಕಾಗಿರಲಿಲ್ಲ. ಕೈಗೆ ಏನಾದರೂ ಕೀಳಲು ಬೇಕಾಗಿತ್ತು. ಎದುರು ಮನೆಯ ಅಕ್ಕ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಆ ಸಾಲು ಇಡ್ಕ" ಅಂದಳು. ಅಷ್ಟೇ. ನಾನು ಕುಕ್ಕರುಗಾಲಲ್ಲಿ ಕೂತೆ.

"ಅಕ್ಕ, ಕೂಲಿ ಅನ್ನಬಾರದಿತ್ತು ನಾನು" ಅಂದೆ, ಸ್ವಲ್ಪ ಹೊತ್ತಿನ ಮೇಲೆ.

"ಊಂ, ಅನ್ಬಾರ್ದಾಗಿತ್ತು" ಅಂದಳು. ಆಮೇಲೆ, "ನೋಡ್ಕಂಡು ಕೀಳು, ಕಳ ಬುಟ್ಟು ಈರುಳ್ಳೀನೇ ಕೀಳ್ತಿದ್ದೀಯ" ಅಂದಳು. ಸಂಜೆಯವರೆಗೂ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಶುಕ್ರವಾರ ಈಮೇಲು ಬಂತು. ಎರಡು ಸಾಲು. ಸದ್ಯಕ್ಕೆ ನಿಮ್ಮನ್ನು ತೆಗೆದುಕೊಳ್ಳಲಾಗುತ್ತಿಲ್ಲ, ಶುಭವಾಗಲಿ. ಕೆಳಗೆ ಇಳಿದು ಬಂದೆ. ಅತ್ತೆ ನಡುಮನೆಯಲ್ಲಿ ಅವರೆಕಾಳು ಆರಿಸುತ್ತಾ ಕೂತಿದ್ದರು.

"ತಗೊಳ್ಳಲಿಲ್ಲ ಅತ್ತೆ" ಅಂದೆ.

ಇನ್ನು 'ನಾನು ಆವತ್ತೇ ಯೋಳ್ಲಿಲ್ವಾ' ಶುರುವಾಗುತ್ತದೆ ಅಂತ ಜಗಳಕ್ಕೆ ಸಿದ್ಧವಾಗೇ ನಿಂತಿದ್ದೆ. ಅವರು ಮೊರ ಕೆಳಗಿಟ್ಟರು.

"ಮತ್ತ, ನೀನು ಆ ಎರಡು ದಿನ ಚಾಮ್ರಾಜನಗರಕ್ಕೋಗಿ ಮಾಡ್ಕೊಟ್ಟದ್ದು?"

"ಅದನ್ನ ಅವರು ನೋಡಲೇ ಇಲ್ಲ."

"ನೋಡ್ಲೂ ಇಲ್ವಾ?"

"ಇಲ್ಲ."

ಅತ್ತೆಯ ಮುಖ ಕೆಂಪಾಗುತ್ತಾ ಬಂತು. ಇಷ್ಟು ವರ್ಷದಲ್ಲಿ ಆ ಮುಖವನ್ನು ನನ್ನ ವಿರುದ್ಧ ನೋಡಿದ್ದೆ, ನನ್ನ ಪರವಾಗಿ ಒಂದು ಸಲವೂ ನೋಡಿರಲಿಲ್ಲ.

"ಎರಡು ದಿನ ಆಳ್ನ ದುಡುಸ್ಕಂಡು ಮುಯ್ಯಿ ಕೊಡ್ದೇ ಓದ್ರಾ? ಎಂಥಾ ಮಾನಗೆಟ್ಟೋರಮ್ಮಿ ಅವ್ರು! ನಮ್ಮ ಬೀದೀಲಿ ಇಂಗ ಮಾಡುದ್ರ ಬುಟ್ಟಾರಾ? ಕೊಡಿಲ್ಲಿ ಪೋನು. ನಂಬ್ರ ಒತ್ಕೊಡು, ನಾನು ಕೇಳ್ತೀನಿ."

"ಅವರಿಗೆ ಕನ್ನಡ ಬರಲ್ಲ ಅತ್ತೆ."

"ಬಯ್ಯದು ಯಾವ ಬಾಸೇಲಿ ಬಯ್ದ್ರೂ ತಿಳೀತದ, ಕೊಡು!"

ಫೋನು ಕೊಡಲಿಲ್ಲ. ಆದರೆ ಆ ಮಾತು ನನಗೆ ನಾಟಿತು. ಮೇಲೆ ಹೋಗಿ ಒಂದು ಈಮೇಲು ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದ ಹಾಗೆ. ನಾನು ನಿಮಗಾಗಿ ಎರಡು ದಿನ ಕೆಲಸ ಮಾಡಿದ್ದೇನೆ. ನಮ್ಮ ಊರಿನ ಪದ್ಧತಿಯ ಪ್ರಕಾರ ನೀವು ಎರಡು ಆಳಿನ ಕೆಲಸ ವಾಪಸ್ಸು ಕೊಡಬೇಕು, ದುಡ್ಡು ತೆಗೆದುಕೊಳ್ಳುವುದಿಲ್ಲ. ಸೋಮವಾರ ನಮ್ಮ ಹೊಲದಲ್ಲಿ ಎರಡನೆಯ ಸಲದ ಕಳೆ ಇದೆ. ಬೆಳಿಗ್ಗೆ ಏಳಕ್ಕೆ ಇಬ್ಬರನ್ನು ಕಳಿಸಿ. ಕುಡುಗೋಲು, ಮಜ್ಜಿಗೆ ನಮ್ಮದು. ಹಂಗಳದ ದಾರಿಯನ್ನೂ ಬರೆದೆ. ಕಳಿಸು ಅನ್ನುವ ಬಟನ್ ಒತ್ತಿದೆ. ಕೆಳಗೆ ಬಂದು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. "ಬುತ್ತಿ ಅವ್ರೇ ತರ್ಬೇಕು ಅಂತ ಬರೀಬೇಕಾಗಿತ್ತು" ಅಂದರು.

ಉತ್ತರ ಬರಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಯ ಮುಂದೆ ಹೆಂಗಸರು ಸೇರಿದರು. ನಾನೂ ಕುಡುಗೋಲು ಹಿಡಿದು, ತಲೆಗೆ ಟವಲು ಸುತ್ತಿಕೊಂಡು ಹೊರಗೆ ಬಂದೆ. ಅತ್ತೆ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ಸಲ ನೋಡಿದರು.

"ಬಂದ್ರಾ ನಿನ್ ಕಂಪ್ನಿಯೋರು?"

"ಇಲ್ಲ."

"ಬರೂದಿಲ್ಲ ಬುಡು, ಅಂಥೋರು." ಎದುರು ಮನೆಯ ಅಕ್ಕ ನಕ್ಕಳು. ಅತ್ತೆ ನಗಲಿಲ್ಲ. ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡರು.

"ನೀನ್ಯಾಕಮ್ಮಿ ಬಂದೆ? ಓಗು, ಆಪೀಸ್ ರೂಮ್‌ಗ ಓಗಿ ನಿನ್ ಕೆಲ್ಸ ನೋಡ್ಕ."